ಮಾವನವರ ಅಳತೆಪಟ್ಟಿ

ಜೂನ್ 3, ಸೋಮವಾರ

ಇವತ್ತು ಉಪವಾಸ. ಎದ್ದು ಅಂಗಳ ಗುಡಿಸಿದೆ, ನೀರು ತುಂಬಿದೆ, ಸ್ನಾನ ಮುಗಿಸಿ ದೇವರ ದೀಪಗಳನ್ನು ಉಜ್ಜಿದೆ. ದೀಪಗಳ ಜೊತೆಗೆ ಮಾವನವರ ಹಿತ್ತಾಳೆ ಅಳತೆಪಟ್ಟಿಯನ್ನೂ ಉಜ್ಜಿ, ಹಿಂದಿನ ಎರಕದ ಶೆಡ್ಡಿಗೆ ಹೋಗಿ ಅದರ ಮೊಳೆಗೆ ತೂಗುಹಾಕಿ ಬಂದೆ. ಮದುವೆಯಾಗಿ ಬಂದಾಗಿನಿಂದ, ಇಪ್ಪತ್ತೆಂಟು ವರ್ಷ, ಪ್ರತಿ ಸೋಮವಾರ ಇದೇ ಕ್ರಮ. ಮಾವನವರು ಕೈಯಾರೆ ಗೆರೆ ಕೊರೆದ ಪಟ್ಟಿ ಅದು. ದೇವರಲ್ಲ, ಆದರೆ ದೇವರ ಪಕ್ಕದ ಸಾಲಿನದು ಎಂದು ಆ ಸ್ಥಾನ ಕೊಟ್ಟವಳು ನಾನೇ.

ಬಲಗಡೆ ದವಡೆ ಹಲ್ಲು ನೋಯುತ್ತಿದೆ. ಉಪವಾಸದ ದಿನ ಹಲ್ಲುನೋವು ಬಂದರೆ ಅಷ್ಟು ನಷ್ಟವಿಲ್ಲ, ಹೇಗಿದ್ದರೂ ಅಗಿಯುವುದಿಲ್ಲ.

ಇದು ಮಗಳು ಶಾಲೆಯಲ್ಲಿ ಅರ್ಧ ಬರೆದು ಬಿಟ್ಟ ಚೌಕಳಿ ನೋಟ್‌ಬುಕ್. ಉಳಿದರ್ಧದಲ್ಲಿ ನಾನು ಬರೆಯಲು ಹಿಡಿದಿದ್ದೇನೆ. ಕಾರಣ ಇಷ್ಟೇ: ಐದು ತಿಂಗಳಿಂದ ಈ ಮನೆಯಲ್ಲಿ ಅಪ್ಪ, ಮಗಳು ಮಾತು ಬಿಟ್ಟಿದ್ದಾರೆ. ಇವರ ಮಾತು ಅವಳಿಗೆ, ಅವಳ ಮಾತು ಇವರಿಗೆ ಹೊತ್ತು ಹೊತ್ತು ನನ್ನ ಬಾಯಲ್ಲಿ ನನ್ನ ಮಾತಿಗೇ ಜಾಗವಿಲ್ಲ. ಇಬ್ಬರ ಜಗಳ ಮೂರನೆಯವರಿಗೆ ಲಾಭ ಅನ್ನುತ್ತಾರೆ. ನನಗೆ ಸಿಕ್ಕಿದ್ದು ಕಾಲುನೋವು. ಅಡುಗೆಮನೆಯಿಂದ ಶೆಡ್ಡಿಗೆ ಮೂವತ್ತೆರಡು ಹೆಜ್ಜೆ.

ಜಗಳದ ಬೇರು ಇಷ್ಟು. ಇವರು ಎರಕ ಹೊಯ್ದ ಪಂಪಿನ ಮುಚ್ಚಳಗಳಲ್ಲಿ ಸೂಜಿತೂತು ಬಂದವು. ಪಂಪು ಕಂಪನಿಯವನು ಬಂದು ನಿಂತಾಗ, ಇವರು ಏನೋ ಸಮಜಾಯಿಷಿ ಹುಡುಕುತ್ತಿರುವಾಗ, ಮಗಳು ಮುಂದೆ ಬಂದು "ಅಚ್ಚಿನ ಮರಳು ಹೆಚ್ಚು ಹಸಿಯಾಗಿತ್ತು, ತಪ್ಪು ನಮ್ಮದೇ" ಎಂದುಬಿಟ್ಟಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ನಿಜವನ್ನೂ ಬಿಸಿಬಿಸಿಯಾಗಿ ಕೈಗೆ ಸುರಿದರೆ ಬೊಬ್ಬೆ ಏಳುತ್ತದಲ್ಲ.

ಈಗ ಅವಳಿಗೆ ಬೇರೆ ಊರಿನ ದೊಡ್ಡ ಕಾರ್ಖಾನೆಯಿಂದ ಕಾಗದ ಬಂದಿದೆ. ಯಂತ್ರಭಾಗಗಳ ನಕಾಶೆ ಬರೆಯುವ ವಿಭಾಗದಲ್ಲಿ ಕೆಲಸ. ತಿಂಗಳ ಕೊನೆಯೊಳಗೆ ಬರುತ್ತೇನೆ, ಬರುವುದಿಲ್ಲ ಎಂದು ಉತ್ತರ ಕೊಡಬೇಕು. ನಿನ್ನೆ ಪಾತ್ರೆ ತೊಳೆಯುವಾಗ ನನಗೆ ಹೇಳಿದಳು:

"ಒಂದು ಗಿಟಾರ್ ಮಾಡಿಕೊಡೋಕೆ ಒಪ್ಪಿಕೊಂಡಿದ್ದೀನಮ್ಮ. ಮೈ ಪೂರ್ತಿ ಲೋಹದ್ದು, ನಮ್ಮ ಶೆಡ್ಡಲ್ಲೇ ಎರಕ. ಅದು ನಿಂತರೆ ನಾನೂ ಇಲ್ಲೇ ನಿಲ್ತೀನಿ. ಇಲ್ಲಾಂದ್ರೆ ಹೋಗ್ತೀನಿ. ನಿಮ್ಮ ಯಜಮಾನರಿಗೆ ಹೇಳು, ಎರಕ ಹೊಯ್ದು ಕೊಡ್ತಾರಾ ಅಂತ."

ಮೂವತ್ತೆರಡು ಹೆಜ್ಜೆ ನಡೆದು ಹೇಳಿದೆ.

"ನಿನ್ನ ಮಗಳಿಗೆ ಹೇಳು," ಅಂದರು ಇವರು, ಮರಳು ಜರಡಿ ಹಿಡಿಯುತ್ತಲೇ, "ಕೆಲಸ ತಂದರೆ ಹೊಯ್ದು ಕೊಡೋದು ನನ್ನ ಕಸುಬು. ಯಾರು ತಂದರು ಅಂತ ನಾನು ಕೇಳಲ್ಲ."

ನನ್ನ ಯಜಮಾನರು, ನನ್ನ ಮಗಳು. ಇಬ್ಬರೂ ನನಗೊಬ್ಬಳಿಗೇ ಸೇರಿದವರ ಹಾಗೆ ಮಾತಾಡುತ್ತಾರೆ. ದೇವರೇ, ಆ ವಸ್ತು ಏನೋ ಎಂತೋ ನನಗೆ ಗೊತ್ತಿಲ್ಲ. ಅದು ನಿಲ್ಲಲಿ.

ಜೂನ್ 5, ಬುಧವಾರ

ಹಲ್ಲಿನ ಡಾಕ್ಟರ ಬಳಿ ಹೋಗಿದ್ದೆ. ಮಗಳು ಹೇಳಿದ ಗಿಟಾರ್ ಬೇಕಾಗಿರುವುದು ಈ ಡಾಕ್ಟರಿಗೇ! ಬಾಗಿಲಿನಷ್ಟು ಎತ್ತರದ ಮನುಷ್ಯ. ದಿನವಿಡೀ ಜನರ ಬಾಯೊಳಗೆ ಬಗ್ಗಿ ಬಗ್ಗಿ ಬೆನ್ನು ಬಿಲ್ಲಾಗಿದೆ. ಭಾನುವಾರ ಸಂಜೆ ಗಿಟಾರ್ ಬಾರಿಸುತ್ತಾರಂತೆ. ಈಗಿರುವುದು ಮರದ ಹಲಗೆಯದು, ಭಾರ, ಬೆನ್ನು ತಡೆಯುತ್ತಿಲ್ಲ. ಅದಕ್ಕೇ ಹಗುರವಾದ, ಜೇನುತಟ್ಟಿಯಂತೆ ತೂತುತೂತಾದ ಅಲ್ಯೂಮಿನಿಯಂ ಮೈ ಬೇಕು, ತೊಡೆಯ ಮೇಲೆ ತಾನಾಗಿ ಕೂರಬೇಕು. ಆದರೆ ಎಡಗೈ ಬೆರಳಾಡುವ ಉದ್ದನೆಯ ಕತ್ತು ಮಾತ್ರ ಹಳೆಯದೇ.

"ಇಪ್ಪತ್ತು ವರ್ಷದಿಂದ ನನ್ನ ಎಡಗೈ ಈ ಕತ್ತನ್ನೇ ಹಿಡಿದಿದೆ ಅಮ್ಮ. ಬೇರೆ ಕತ್ತು ಕೊಟ್ಟರೆ ಕೈ ಮುನಿಸಿಕೊಳ್ಳುತ್ತೆ."

ನಮ್ಮ ಮನೆಗಿಂತ ವಾಸಿ. ಡಾಕ್ಟರದು ಕೈ ಮಾತ್ರ ಮುನಿಸಿಕೊಳ್ಳುವುದು.

ಮಗಳು ಹಗಲೆಲ್ಲ ನಕಾಶೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಹೇಗೂ ಹಲ್ಲಿಗೆ ಹೋಗುತ್ತೀಯಲ್ಲ, ಹಳೆಯ ಗಿಟಾರಿನ ಅಳತೆ ತೆಗೆದುಕೊಂಡು ಬಾ ಎಂದು ನನಗೆ ಚಿತ್ರ ಬರೆದು ಕೊಟ್ಟಿದ್ದಳು. ಕತ್ತಿನ ಬುಡದ ಅಗಲ ಒಂದು. ಕತ್ತಿನ ಬುಡದಿಂದ, ತಂತಿಗಳು ಬಂದು ಕೂರುವ ಸೇತುವೆಯವರೆಗಿನ ಉದ್ದ ಇನ್ನೊಂದು. ಇಂಥ ಕೆಲಸಕ್ಕೆ ಸುಮ್ಮನೆ ಯಾವುದೋ ಟೇಪು ಹಿಡಿದು ಹೋಗಬಾರದೆಂದು ಮಾವನವರ ಹಿತ್ತಾಳೆ ಪಟ್ಟಿಯನ್ನೇ ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದೆ. ಈ ಮನೆಯಲ್ಲಿ ಅದಕ್ಕಿಂತ ನಂಬಿಗಸ್ತ ಅಳತೆ ಇಲ್ಲ. ಕನ್ನಡಕ ಒರೆಸಿಕೊಂಡು ಎರಡೆರಡು ಸಲ ಅಳೆದೆ. ಉದ್ದ ಇನ್ನೂರ ಹದಿಮೂರು ಮಿಲಿಮೀಟರ್. ಚೀಟಿಯಲ್ಲಿ ಬರೆದು ಮಗಳಿಗೆ ಕೊಟ್ಟೆ.

ಆಮೇಲೆ ನೆನಪಾಗಿ ಹಲ್ಲು ತೋರಿಸಿದೆ. ಔಷಧಿ ತುಂಬಿದ್ದಾರೆ. ಹಲ್ಲಿಗೆ ಹಾಕುವ ಲೋಹದ ಟೋಪಿ ಕೂಡ ಮೊದಲು ಮೇಣದಲ್ಲಿ ಮಾಡಿ ಆಮೇಲೆ ಎರಕ ಹೊಯ್ಯುವುದೇ ಅಂತೆ. ನಮ್ಮ ಕಸುಬು ಜನರ ಬಾಯೊಳಗೂ ಇದೆ!

ಜೂನ್ 8, ಶನಿವಾರ

ಮಗಳ ಅಂಗಡಿಗೆ ಮಧ್ಯಾಹ್ನದ ಊಟ ಕೊಡಲು ಹೋದವಳು ಎರಡು ಗಂಟೆ ಅಲ್ಲೇ ನಿಂತುಬಿಟ್ಟೆ.

ಕಂಪ್ಯೂಟರಿನ ಗಾಜಿನ ಪರದೆಯ ಮೇಲೆ ಗಿಟಾರಿನ ಚಿತ್ರ. ಚಿತ್ರವೆಂದರೆ ಗೋಡೆಯ ಚಿತ್ರದಂಥದ್ದಲ್ಲ. ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ಹುಳುಕು ನೋಡುವ ಹಾಗೆ ಅದನ್ನು ಹಿಂದೆ ಮುಂದೆ ಅಡಿ ಮೇಲೆ ತಿರುಗಿಸಿ ತೋರಿಸಿದಳು. ಸೇತುವೆಯನ್ನು ಬೇರೆ ಮಾಡಿ ಸ್ಕ್ರೂ ಹಾಕುವುದಿಲ್ಲವಂತೆ, ಮೈಯೊಂದಿಗೇ ಎರಕದಲ್ಲಿ ಹುಟ್ಟುತ್ತದೆ. "ಜೋಡಣೆ ಕಡಿಮೆ ಆದಷ್ಟೂ ಸ್ವರ ಗಟ್ಟಿ" ಎಂದಳು.

"ಎಲ್ಲಾನೂ ನೂರಕ್ಕೆ ಒಂದೂಕಾಲು ಚಿಲ್ಲರೆ ದೊಡ್ಡದು ಮಾಡಿದ್ದೀನಿ. ಲೋಹ ಆರಿದಾಗ ಕುಗ್ಗುತ್ತಲ್ಲ, ಅದಕ್ಕೆ."

ಹೂಂ ಅಂದೆ. ಎಲ್ಲ ಅರ್ಥವಾಗಲಿಲ್ಲ. ಕೇಳಬಹುದಿತ್ತು. ಕೇಳಿದರೆ ಮಗಳ ಮುಂದೆ ದಡ್ಡಿಯಾಗುತ್ತೇನೆಂದು ಸುಮ್ಮನಾದೆ.

ಪಕ್ಕದಲ್ಲಿ ಒಂದು ಯಂತ್ರ. ಅದರ ಮೂತಿಯಿಂದ ಬಿಸಿ ಪ್ಲಾಸ್ಟಿಕ್ಕಿನ ಎಳೆ ಇಳಿದು, ಪದರದ ಮೇಲೆ ಪದರ ಕೂರುತ್ತಾ, ಕಣ್ಣೆದುರೇ ಗಿಟಾರಿನ ಮಾದರಿ ಬೆಳೆಯುತ್ತಿತ್ತು. ಕಣಜ ಬಾಗಿಲ ಮೂಲೆಯಲ್ಲಿ ಗೂಡು ಕಟ್ಟುವುದು ನೋಡಿದ್ದೇನೆ. ಅದೇ ತಾಳ್ಮೆ, ಅದೇ ಗುಂಯ್ ಸದ್ದು. ನಾಳೆಯವರೆಗೂ ಕಟ್ಟುತ್ತದಂತೆ.

"ಇದಕ್ಕೆ ಹೊಟ್ಟೆಯೇ ಇಲ್ಲವಲ್ಲೇ, ಸದ್ದು ಎಲ್ಲಿಂದ ಬರುತ್ತೆ?" ಎಂದೆ.

ತಂತಿಗಳ ಕೆಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆಯ ಸಾವಿರಾರು ಸುತ್ತು. ತಂತಿ ನಡುಗಿದರೆ ಎಳೆಯೊಳಗೆ ಕರೆಂಟು ನಡುಗುತ್ತದೆ, ಅದು ಸ್ಪೀಕರ್ ಪೆಟ್ಟಿಗೆಗೆ ಹೋಗಿ ಸದ್ದಾಗುತ್ತದೆ.

"ಕರೆಂಟ್ ಹೋದರೆ?"

"ಮೂಗಿ."

ಮನೆಗೆ ಬಂದ ಮೇಲೆ ಇವರು, "ಏನೇ, ಊಟ ಕೊಟ್ಟು ಬರೋಕೆ ಇಷ್ಟು ಹೊತ್ತಾ?" ಅಂದರು. ಕಣಜದ ಯಂತ್ರದ ಬಗ್ಗೆ ಹೇಳಿದೆ. ಕೇಳದವರ ಹಾಗೆ ಕೇಳಿದರು. ಕೊನೆಗೆ "ಪದರದ ಗೆರೆ ಉಳಿದಿದ್ರೆ ಮರಳು ಕಚ್ಚಿಕೊಳ್ಳುತ್ತೆ. ಉಜ್ಜಿ ನುಣುಪು ಮಾಡೋಕೆ ಹೇಳು" ಎಂದರು. ಮತ್ತೆ ಮೂವತ್ತೆರಡು ಹೆಜ್ಜೆ.

ಜೂನ್ 10, ಸೋಮವಾರ

ಉಪವಾಸ. ಬೆಳಗಿನ ಕೆಲಸ ಎಂದಿನಂತೆ.

ತಾಮ್ರದ ಎಳೆ ಸುತ್ತುವ ಕೆಲಸ ನನ್ನ ಕೊರಳಿಗೆ ಬಂದಿದೆ. ಮಗಳು ಪುಟ್ಟ ಮೋಟರು ಕಟ್ಟಿ ನೋಡಿದಳು, ಎಳೆ ತುಂಡಾಯಿತು. ತಾನೇ ಸುತ್ತಿದಳು, ಮತ್ತೆ ತುಂಡು. "ನಿನ್ನ ಕೈ ಹಗುರ ಅಮ್ಮ, ನೋಡು" ಎಂದಳು. ಸುಮಾರು ಎಂಟು ಸಾವಿರ ಸುತ್ತು ಬೇಕು. ಎಣಿಕೆ ತಪ್ಪಬಾರದು.

ಎಂಟು ಸಾವಿರದವರೆಗೆ ಎಣಿಸಲು ನನಗೆ ಗೊತ್ತಿರುವುದು ಒಂದೇ ದಾರಿ. ಒಂದು ಸುತ್ತಿಗೆ ಒಂದು ಸಲ ದೇವರ ಹೆಸರು. ನೂರೆಂಟು ಆದರೆ ಬಟ್ಟಲಿಗೆ ಒಂದು ಅಂಗಿಗುಂಡಿ. ಎಪ್ಪತ್ತನಾಲ್ಕು ಗುಂಡಿಯಾದರೆ ಮುಗಿಯಿತು. ಮೂವತ್ತೊಂದನೇ ಗುಂಡಿಯಲ್ಲಿ ಬೆಕ್ಕು ಬಂದು ಮಡಿಲಿಗೆ ಹಾರಿ ಎಳೆ ಹರಿಯಿತು. ಬೆಕ್ಕಿಗೆ ಬೈದ ಬಾಯಲ್ಲೇ ಮತ್ತೆ ಮೊದಲಿನಿಂದ ದೇವರ ಹೆಸರು ಹಿಡಿಯಬೇಕಾಯಿತು.

ಬಾರಿಸುವ ವಸ್ತುವಿಗೆ ಜಪ ಸುತ್ತುವುದು ತಪ್ಪೇ? ದೇವರು ಸಣ್ಣ ಮನಸ್ಸಿನವನಲ್ಲ. ಕೈಯಲ್ಲಿ ಮಣಿಯಿದ್ದಾಗ ನನ್ನ ಮನಸ್ಸು ಒಲೆ, ಹಾಲು, ಇವರು, ಅವಳು ಎಂದು ಊರೆಲ್ಲ ಸುತ್ತುತ್ತದೆ. ಇವತ್ತು ಒಂದು ಕಡೆ ನಿಂತಿತ್ತು, ಇಲ್ಲದಿದ್ದರೆ ಎಳೆ ಹರಿಯುತ್ತದಲ್ಲ.

ಸಂಜೆ ಮಗಳು ಎಳೆ ಎಲ್ಲೂ ಹರಿದಿಲ್ಲವೆಂದು ಮೀಟರು ಹಿಡಿದು ನೋಡಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟಳು, ನಾನೇ ಅವಳ ಮಗಳೇನೋ ಎಂಬಂತೆ.

ಜೂನ್ 14, ಶುಕ್ರವಾರ

ಎರಕ ಆಯಿತು.

ಎರಡು ಭಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಮಾದರಿಯಿಟ್ಟು ಮರಳು ಕುಟ್ಟಿ, ಪೆಟ್ಟಿಗೆ ಬಿಡಿಸಿ ಮಾದರಿ ತೆಗೆದರೆ ಮರಳಿನೊಳಗೆ ಗಿಟಾರಿನ ಖಾಲಿ ಜಾಗ. ಇಷ್ಟು ವರ್ಷ ಚಹಾ ಕೊಟ್ಟು ಹಿಂದಿರುಗುತ್ತಿದ್ದವಳು ಇವತ್ತು ಬಾಗಿಲಲ್ಲಿ ನಿಂತು ನೋಡಿದೆ. ಇವರು ಲೋಹ ಕರಗಿಸಿದ ಮೂಸೆ ಎತ್ತಿ ಸುರಿದರು. ಕರಗಿದ ಅಲ್ಯೂಮಿನಿಯಂ ಕೆಂಪಗಿರುತ್ತದೆ ಎಂದುಕೊಂಡಿದ್ದೆ. ಅಲ್ಲ, ಹಾಲಿನಂತೆ ಬೆಳ್ಳಗೆ, ಮೇಲೆ ಕೆನೆ ಕೂಡ ಕಟ್ಟುತ್ತದೆ. ಕೆನೆ ಸರಿಸಿ ಸುರಿಯುತ್ತಾರೆ.

ಮಗಳು ಶೆಡ್ಡಿನ ಒಂದು ತುದಿ, ಇವರು ಇನ್ನೊಂದು ತುದಿ. ನಡುವೆ ಬೆಂಕಿ ಮತ್ತು ನಾನು.

"ಇನ್ನು ಎಷ್ಟು ಹೊತ್ತು ಬಿಡಬೇಕು ಅಂತ ಕೇಳು."

"ಆರೋವರೆಗೆ ಅಂತ ಹೇಳು."

ಇಬ್ಬರ ನಡುವೆ ಎಂಟು ಅಡಿಯೂ ಇರಲಿಲ್ಲ. ಇಬ್ಬರಿಗೂ ಇನ್ನೊಬ್ಬರ ಮಾತು ಕೇಳಿಸಿತ್ತು. ಆದರೂ ನಾನು ಹೇಳಿದೆ. ಅಭ್ಯಾಸ.

ಜೂನ್ 16, ಭಾನುವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಡಾಕ್ಟರು ಹಳೆಯ ಗಿಟಾರಿನ ಕತ್ತು ಬಿಚ್ಚಿಕೊಂಡು ಬಂದಿದ್ದರು. ನಾಲ್ಕೇ ಸ್ಕ್ರೂ. ಹೊಸ ಮೈಯ ಗೂಡಿನೊಳಗೆ ಕತ್ತಿನ ಬುಡ ಇಳಿಯಲಿಲ್ಲ, ಉಗುರಿನ ದಪ್ಪದಷ್ಟು ಬಿಗಿ. ಇವರು ಅರ ತಂದು ಗೂಡನ್ನು ಉಜ್ಜಿ ಕೊಟ್ಟರು. ಕೂತಿತು. ತಂತಿ ಎಳೆದರು, ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿದರು. ಡಾಕ್ಟರು ಬೆರಳು ಆಡಿಸಿದಾಗ ಶೆಡ್ಡಿನ ತಗಡೆಲ್ಲ ಝಲ್ಲೆಂದಿತು. ನನ್ನ ಎಪ್ಪತ್ತನಾಲ್ಕು ಗುಂಡಿಗಳು ಬಾಯಿಬಿಟ್ಟು ಮಾತಾಡಿದ ಹಾಗಾಯಿತು!

ಆಮೇಲೆ ಅವರು ಎಡಗೈಯನ್ನು ಕತ್ತಿನ ಮೇಲೆ ಸರಿಸುತ್ತಾ ಬಂದರು. ಮುಖ ಸಣ್ಣದಾಯಿತು.

"ಸುಮ್ಮನೆ ಮೀಟಿದರೆ ಸರಿಯಾಗಿದೆ. ಒತ್ತಿದರೆ ಸ್ವರ ಏರಿಹೋಗ್ತಿದೆ. ಮೈ ಹತ್ತಿರ ಬಂದಷ್ಟೂ ಸುಳ್ಳು ಜಾಸ್ತಿ ಹೇಳ್ತಿದೆ."

ಮಗಳು ತಾನೂ ಒತ್ತಿ ನೋಡಿದಳು. ನನಗೇ ಕೇಳಿಸಿತು, ಭಜನೆಯಲ್ಲಿ ಒಬ್ಬರು ತಮ್ಮ ಪಾಡಿಗೆ ಮೇಲೆ ಎಳೆದುಕೊಂಡು ಹೋದ ಹಾಗೆ. ಕತ್ತಿಗೂ ಸೇತುವೆಗೂ ನಡುವಿನ ಜಾಗ ಕಡಿಮೆಯಾಗಿದೆ. ಸೇತುವೆ ಸರಿಸೋಣ ಎಂದರೆ ಅದು ಮೈಯೊಂದಿಗೇ ಹುಟ್ಟಿದ್ದು.

ಡಾಕ್ಟರು ಒಳ್ಳೆಯವರು. "ಇನ್ನೊಂದು ಸಲ ನೋಡೋಣ" ಎಂದು ಕತ್ತನ್ನು ಬಿಚ್ಚಿಕೊಂಡು ಹೋದರು. ಮಗಳು ಕತ್ತಿಲ್ಲದ ಆ ಮೈಯ ಮೇಲೆ ಗೋಣಿಚೀಲ ಹೊದಿಸಿದಳು.

ಜೂನ್ 17, ಸೋಮವಾರ

ಉಪವಾಸ.

ಅವಳು: "ನಾನು ಕುಗ್ಗು ಲೆಕ್ಕ ಹಾಕಿ ದೊಡ್ಡದು ಮಾಡಿದ್ದೆ. ನಿಮ್ಮ ಯಜಮಾನರು ಲೋಹ ಅತಿ ಕಾಯಿಸಿ ಸುರಿದಿದ್ದಾರೆ, ಅದಕ್ಕೇ ಜಾಸ್ತಿ ಕುಗ್ಗಿದೆ."

ಇವರು: "ಮೂವತ್ತೈದು ವರ್ಷದಿಂದ ಸುರಿದ ಕೈ ಇದು. ನಿನ್ನ ಮಗಳ ಕಂಪ್ಯೂಟರು ಕುಗ್ಗು ಮರೆತಿದೆ."

ನಾನು: "ಅಳೆದು ನೋಡಿದ್ರಾ ಯಾರಾದರೂ?"

ಇಬ್ಬರೂ, ಬೇರೆ ಬೇರೆ ಹೊತ್ತಿನಲ್ಲಿ, ಒಂದೇ ಮಾತು: "ಕಣ್ಣಿಗೇ ಕಾಣ್ತಿದೆಯಲ್ಲ!"

ಹಗಲು ರಾತ್ರಿ ಅಳತೆಯಲ್ಲೇ ಬದುಕುವ ಜನ. ಕೋಪ ಬಂದರೆ ಮೊದಲು ಬಿಡುವುದು ಅದನ್ನೇ.

ಮಗಳು ಕಾರ್ಖಾನೆಯ ಕಾಗದ ಹೊರತೆಗೆದು ಮೇಜಿನ ಮೇಲಿಟ್ಟಿದ್ದಾಳೆ.

ಜೂನ್ 18, ಮಂಗಳವಾರ

ಇವರು ಇದ್ದಿಲು ತರಲು ಹೋಗಿದ್ದರು, ಮಗಳು ಅಂಗಡಿಗೆ. ಗೋಣಿಚೀಲ ಸರಿಸಿದೆ. ಯಾರ ತಪ್ಪೆಂದು ಹುಡುಕಲು ಅಲ್ಲ. ಎಷ್ಟು ತಪ್ಪಿದೆ ಎಂದು ತಿಳಿಯದೆ ನನಗೆ ಊಟ ಸೇರುತ್ತಿರಲಿಲ್ಲ.

ಮಾವನವರ ಪಟ್ಟಿಯಿಟ್ಟು ಕತ್ತಿನ ಗೂಡಿನಿಂದ ಸೇತುವೆಯವರೆಗೆ ಅಳೆದೆ. ಇನ್ನೂರ ಹತ್ತು. ನಾನು ಡಾಕ್ಟರ ಬಳಿ ಅಳೆದಾಗ ಇನ್ನೂರ ಹದಿಮೂರು ಇತ್ತು. ಮೂರು ಗೆರೆ ಕಡಿಮೆ. ಹಾಗಾದರೆ ಹೆಚ್ಚು ಕುಗ್ಗಿದ್ದು ನಿಜ, ಇವರದೇ ತಪ್ಪು ಎಂದುಕೊಂಡೆ.

ಆದರೆ ಕನ್ನಡಕದ ಮೇಲೆ ನಂಬಿಕೆ ಸಾಲದೆ, ಮಗಳ ಶಾಲೆಯ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಸ್ಕೇಲು ತಂದು ಇನ್ನೊಮ್ಮೆ ಅಳೆದೆ. ಇನ್ನೂರ ಹದಿಮೂರು.

ಮತ್ತೆ ಹಿತ್ತಾಳೆ: ಇನ್ನೂರ ಹತ್ತು. ಮತ್ತೆ ಪ್ಲಾಸ್ಟಿಕ್: ಇನ್ನೂರ ಹದಿಮೂರು.

ಒಂದೇ ವಸ್ತು, ಎರಡು ಉದ್ದ. ಎರಡನ್ನೂ ನೆಲದ ಮೇಲೆ ಅಕ್ಕಪಕ್ಕ ಮಲಗಿಸಿ, ಸೊನ್ನೆಗೆ ಸೊನ್ನೆ ಕೂಡಿಸಿ, ಬೆರಳಿಟ್ಟುಕೊಂಡು ಮುಂದೆ ಮುಂದೆ ಹೋದೆ. ಹತ್ತರ ಗೆರೆ ಒಂದೇ ಎನ್ನುವ ಹಾಗಿತ್ತು. ನೂರಕ್ಕೆ ಬಂದಾಗ ಹಿತ್ತಾಳೆಯದು ಒಂದು ಗೆರೆಯಷ್ಟು ಮುಂದೆ. ಮುನ್ನೂರರಲ್ಲಿ ನಾಲ್ಕು ಗೆರೆ ಮುಂದೆ ನಿಂತಿತ್ತು! ಇಪ್ಪತ್ತೆಂಟು ವರ್ಷ ಸೋಮವಾರ ಸೋಮವಾರ ಉಜ್ಜಿದ್ದೇನೆ. ಅದರ ಮಿಲಿಮೀಟರೇ ಉದ್ದದ್ದು ಎಂದು ಗೊತ್ತಿರಲಿಲ್ಲ.

ಮನೆಗೆ ಬೀಗ ಹಾಕಿ, ಪ್ಲಾಸ್ಟಿಕ್ ಸ್ಕೇಲು ಹಿಡಿದು ಡಾಕ್ಟರ ಬಳಿ ಓಡಿದೆ. ಯಾರದೋ ಬಾಯಿ ತೆರೆಸಿ ನಿಂತಿದ್ದರು. "ಹಲ್ಲು ಮತ್ತೆ ನೋವಾ ಅಮ್ಮ?" ಎಂದರು. "ಹಲ್ಲಲ್ಲ, ಗಿಟಾರ್" ಎಂದು, ಕತ್ತು ಮತ್ತೆ ಕೂರಿಸಿದ್ದ ಹಳೆಯದನ್ನು ಗೋಡೆಯಿಂದ ನಾನೇ ಇಳಿಸಿಕೊಂಡೆ. ಕುರ್ಚಿಯಲ್ಲಿದ್ದ ಪಾಪದವನು ಬಾಯಿ ತೆರೆದುಕೊಂಡೇ ನೋಡುತ್ತಿದ್ದ. ಅಳೆದೆ.

ಇನ್ನೂರ ಹದಿನಾರು.

ಅಲ್ಲಿಗೆ ತೀರಿತು. ಇವರ ಎರಕ ಸರಿ. ಅವಳ ಲೆಕ್ಕ ಸರಿ. ನಾನು ಕೊಟ್ಟ ಚೀಟಿ ತಪ್ಪು.

ಸಂಜೆಯಿಂದ ಕೂತಿದ್ದೇನೆ. ನಾನು ಬಾಯಿಬಿಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವಳು ಅಪ್ಪನನ್ನು ಬೈದುಕೊಂಡು ಹೋಗುತ್ತಾಳೆ, ಇವರು ಮಗಳನ್ನು ಬೈದುಕೊಂಡು ಇರುತ್ತಾರೆ, ನಾನು ಇಬ್ಬರಿಗೂ ಬೇಕಾದವಳಾಗಿ ಉಳಿಯುತ್ತೇನೆ. ದೇವರ ಮುಂದೆ ಕೂತು ಕೇಳಿದೆ. ಅಳೆದವಳು ನೀನು ತಾನೇ ಎನ್ನುವ ಹಾಗೆ ದೀಪ ಉರಿಯುತ್ತಿತ್ತು.

ಜೂನ್ 19, ಬುಧವಾರ

ಸಂಜೆಯ ಊಟ ಶೆಡ್ಡಿನಲ್ಲಿ ಎಂದು ಸಾರಿದೆ. ಮೂರು ತಟ್ಟೆ ಒಂದೇ ಹಲಗೆಯ ಮೇಲೆ. ಹಸಿದಿದ್ದರು, ಬಂದು ಕೂತರು, ಒಬ್ಬರು ಉತ್ತರಕ್ಕೆ ಮುಖ, ಒಬ್ಬರು ದಕ್ಷಿಣಕ್ಕೆ. ಬಡಿಸುವ ಮೊದಲು ಎರಡೂ ಪಟ್ಟಿಗಳನ್ನು ನಡುವೆ ಇಟ್ಟೆ.

"ಡಾಕ್ಟರ ಗಿಟಾರನ್ನ ನಾನು ಇದರಲ್ಲಿ ಅಳೆದೆ," ಎಂದು ಹಿತ್ತಾಳೆ ತೋರಿಸಿದೆ. "ನಿನ್ನೆ ಹೋಗಿ ಇದರಲ್ಲಿ ಅಳೆದೆ. ಮೂರು ಗೆರೆ ವ್ಯತ್ಯಾಸ. ತಪ್ಪು ನನ್ನದೇ."

ಇವರು ಪಟ್ಟಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ, ದೇವರ ಸಾಕ್ಷಿಯಾಗಿ, ಮಗಳ ಕಡೆ ತಿರುಗಿದರು.

"ಅಲ್ಲ, ಇದು ಕುಗ್ಗುಪಟ್ಟಿ ಅಂತ ನಿಮ್ಮಮ್ಮನಿಗೆ ನೀನು ಹೇಳಿಲ್ವಾ?"

"ನಾನ್ಯಾಕೆ ಹೇಳ್ಲಿ? ನೀವು ಹೇಳಿರ್ತೀರ ಅಂದ್ಕೊಂಡೆ! ಇಪ್ಪತ್ತೆಂಟು ವರ್ಷದಿಂದ ಅಮ್ಮನ ಜೊತೆ ಇರೋದು ನೀವು!"

"ನಿನಗೆ ಹೇಳಿಕೊಡುವಾಗ ಇವಳು ಇಲ್ಲೇ ಕಸ ಗುಡಿಸ್ತಿದ್ಲು. ಕೇಳಿಸಿಕೊಂಡಿರ್ತಾಳೆ ಬಿಡು ಅಂದ್ಕೊಂಡೆ."

"ಪೊರಕೆ ಸದ್ದಲ್ಲಿ ಕೇಳಿಸುತ್ತಾ ಅಪ್ಪ?"

"ಅಳತೆಗೆ ಕಳಿಸೋ ಮೊದಲು ಯಾವ ಪಟ್ಟಿ ತಗೊಂಡು ಹೋಗ್ತೀಯ ಅಂತ ಕೇಳಬೇಕು. ಅದು ನಿನ್ನ ಕೆಲಸ!"

"ಮೊಳೆಗೆ ತೂಗುಹಾಕೋ ಮೊದಲು ಇದನ್ನ ಮುಟ್ಟಬೇಡ ಅಂತ ಬರೆದು ಹಾಕಬೇಕು. ಅದು ನಿಮ್ಮ ಕೆಲಸ!"

ಐದು ತಿಂಗಳ ಮಾತು ಒಂದೇ ಸಲ ಮೂಸೆ ಬಗ್ಗಿಸಿದ ಹಾಗೆ ಬಂತು. ನನ್ನನ್ನು ಇಬ್ಬರೂ ಮರೆತೇಬಿಟ್ಟಿದ್ದರು. ಊಟ ಆರುತ್ತಿತ್ತು.

"ಆಯ್ತಲ್ಲ," ಎಂದೆ, ಸ್ವಲ್ಪ ಜೋರಾಗಿಯೇ. "ಯಾರೂ ಹೇಳಿಲ್ಲ. ಈಗ ಹೇಳಿ."

ಇಬ್ಬರೂ ಒಟ್ಟಿಗೇ ಶುರು ಮಾಡಿದರು, ನಿಂತರು, ಮಗಳು "ನೀವೇ ಹೇಳಿ ಅಪ್ಪ" ಎಂದಳು. ಇವರು ಹೇಳಿದರು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ. ಎಷ್ಟು ಕುಗ್ಗುವುದೋ ಅಷ್ಟನ್ನು ಮೊದಲೇ ಕೂಡಿಸಿ, ಪ್ರತಿ ಗೆರೆಯನ್ನೂ ಚೂರು ದೂರ ದೂರ ಕೊರೆದು ಮಾವನವರು ಆ ಪಟ್ಟಿ ಮಾಡಿದ್ದರು. ಅದರಲ್ಲಿ ಮಾದರಿ ಮಾಡಿದರೆ ಲೆಕ್ಕವೇ ಬೇಡ, ಎರಕ ತಾನಾಗಿ ಸರಿಯಳತೆಗೆ ಬರುತ್ತದೆ. ಆದರೆ ಇರುವ ವಸ್ತುವನ್ನು ಅದರಲ್ಲಿ ಅಳೆದರೆ ಕಡಿಮೆ ತೋರಿಸುತ್ತದೆ.

ಎಂಥ ಬುದ್ಧಿ ಮಾವನವರದು! ಮುಂದೆ ಕಡಿಮೆಯಾಗುವುದನ್ನು ಮೊದಲೇ ಎಣಿಸಿ ಪಟ್ಟಿಯಲ್ಲಿಟ್ಟ ಮನುಷ್ಯ. ಇನ್ನೂ ಹತ್ತು ಪ್ರಶ್ನೆ ಕೇಳಿದೆ. ಹಿತ್ತಾಳೆಯೂ ಅಷ್ಟೇ ಕುಗ್ಗುತ್ತದೆಯೇ, ಕಬ್ಬಿಣ ಎಷ್ಟು, ಮೇಣ ಕುಗ್ಗುವುದಿಲ್ಲವೇ. ಊಟ ಪೂರ್ತಿ ಆರಿತು. ಯಾರೂ ಗೊಣಗಲಿಲ್ಲ.

ಏಳುವಾಗ ಇವರು ಮಗಳ ತಟ್ಟೆಯನ್ನೂ ಎತ್ತಿಕೊಂಡರು. "ಅವತ್ತು ಮರಳು ಹಸಿಯಾಗಿದ್ದು ನಿಜ" ಎಂದರು, ತಟ್ಟೆಗೆ ಹೇಳುವ ಹಾಗೆ.

"ಆ ಪಂಪು ಕಂಪನಿಯವನ ಮುಂದೆ ಹೇಳಬಾರದಿತ್ತು ನಾನು," ಎಂದಳು ಮಗಳು.

"ಹೇಳಬೇಕಿತ್ತು. ನಾನು ಹೇಳಬೇಕಿತ್ತು."

ಜೂನ್ 24, ಸೋಮವಾರ

ಕೈಯೆಲ್ಲ ಮರಳು. ಪುಸ್ತಕದ ಮೇಲೂ ಬಿದ್ದಿದೆ.

ಕಣಜದ ಯಂತ್ರ ಹೊಸ ಮಾದರಿ ಕಟ್ಟಿಕೊಟ್ಟಿತು. ಈ ಸಲ ಅಳತೆ ಮೂವರೂ ನೋಡಿದ್ದೇವೆ. ತಪ್ಪಿದ ಮೈಯನ್ನು ಇವರು ಸುತ್ತಿಗೆಯಲ್ಲಿ ಒಡೆದು ಮತ್ತೆ ಮೂಸೆಗೇ ಹಾಕಿದರು. "ಎರಕದಲ್ಲಿ ಇದೊಂದು ಪುಣ್ಯ ಕಣೇ, ತಪ್ಪನ್ನೂ ಕರಗಿಸಬಹುದು" ಎಂದರು.

ಮರಳಿನ ಹದ ನೋಡುತ್ತಿದ್ದರು. ಮುಷ್ಟಿಯಲ್ಲಿ ಹಿಂಡಿ, ಉಂಡೆಯನ್ನು ಎರಡು ತುಂಡು ಮಾಡಿದರೆ ಅಂಚು ಚೂಪಾಗಿ ಮುರಿಯಬೇಕಂತೆ. ಇವರ ಕೈಯಲ್ಲಿ ಪುಡಿಯಾಗುತ್ತಿತ್ತು. ನಾನೂ ಒಂದು ಹಿಡಿ ತೆಗೆದುಕೊಂಡು ನೋಡಿದೆ. ಹಿಟ್ಟು ನಾದಿದ ಕೈಗೆ ತಿಳಿಯದೇ? ಒಂದು ಬೊಗಸೆ ನೀರು ಚಿಮುಕಿಸಿ, ತಳದಿಂದ ಮಗುಚಿ, ಸ್ವಲ್ಪ ಹೊತ್ತು ಬಿಟ್ಟು ಹಿಂಡಿದೆ. ಚಾಕುವಿನಲ್ಲಿ ಕೊಯ್ದ ಹಾಗೆ ಮುರಿಯಿತು.

"ಇದೇನೇ ಇದು," ಎಂದರು ಇವರು. "ಮರಳು ನಿನ್ನ ಮಾತು ಕೇಳುತ್ತಲ್ಲೇ."

"ಮನೇಲಿ ಯಾರಾದರೂ ಕೇಳಬೇಕಲ್ಲ," ಎಂದೆ. ಮಗಳು ನಕ್ಕು ನಕ್ಕು ಜರಡಿ ಬೀಳಿಸಿದಳು.

ಪೆಟ್ಟಿಗೆ ತುಂಬಿ ಕುಟ್ಟಿದ್ದೂ ನಾನೇ. ಜೇನುತಟ್ಟಿಯ ಸಂದುಗಳಲ್ಲಿ ಬೆರಳಿನಿಂದ ತುಂಬಬೇಕು, ಇಲ್ಲದಿದ್ದರೆ ಉದುರುತ್ತದೆ. ಮಾದರಿ ಎತ್ತುವಾಗ ಮೂವರೂ ಉಸಿರು ಹಿಡಿದಿದ್ದೆವು. ಒಂದು ಕಣವೂ ಉದುರಲಿಲ್ಲ.

ಎರಕವಾಗಿ, ಕೈ ತೊಳೆಯುವಾಗ ಇವತ್ತು ಸೋಮವಾರ ಎನ್ನುವುದು ನೆನಪಾಯಿತು. ದೀಪ ಹಚ್ಚಿದ್ದೆ, ಆದರೆ ಉಜ್ಜಿರಲಿಲ್ಲ. ಉಪವಾಸ ಮಾತ್ರ ಆಗಿಹೋಗಿತ್ತು, ಬೆಳಗಿನಿಂದ ಏನೂ ತಿಂದಿರಲಿಲ್ಲವಲ್ಲ.

ಜೂನ್ 29, ಶನಿವಾರ

ನಿಂತಿತು! ನಮ್ಮ ಗಿಟಾರ್ ನಿಂತಿತು!

ಕತ್ತಿನ ಬುಡ ಗೂಡಿನೊಳಗೆ ಮಗು ತೊಟ್ಟಿಲಿಗೆ ಇಳಿದ ಹಾಗೆ ಇಳಿಯಿತು. ಅರ ಬೇಕಾಗಲಿಲ್ಲ. ಡಾಕ್ಟರು ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಮೊದಲು ಬೆನ್ನು ನೆಟ್ಟಗೆ ಮಾಡಿದರು. ಅವರು ಅಷ್ಟು ಎತ್ತರವೆಂದು ನನಗೂ ಗೊತ್ತಿರಲಿಲ್ಲ. ಆಮೇಲೆ ಕೆಳಗಿನಿಂದ ಮೇಲಕ್ಕೆ, ಕತ್ತಿನ ಮೇಲಿನ ಸ್ವರದ ಮನೆಗಳನ್ನು ಒಂದೊಂದಾಗಿ ಒತ್ತುತ್ತಾ ಬಂದರು. ಮೇಲಿನ ತುದಿಯವರೆಗೂ ಒಂದೂ ಸುಳ್ಳಿಲ್ಲ. ಮಗಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇವರು ಮರಳಿನ ರಾಶಿಯ ಕಡೆ ತಿರುಗಿ ನಿಂತಿದ್ದರು. ಕೆಲಸವೇನೂ ಇರಲಿಲ್ಲ ಅಲ್ಲಿ.

ಹೊರಡುವಾಗ ಡಾಕ್ಟರು, "ಅಮ್ಮ, ಹಲ್ಲು ಹೇಗಿದೆ?" ಎಂದರು.

"ಯಾವ ಹಲ್ಲು?" ಎಂದೆ.

ಅವರ ಗೆಳೆಯರೊಬ್ಬರಿಗೆ ಇಂಥದ್ದೇ ಇನ್ನೊಂದು ಬೇಕಂತೆ, ನಾಲ್ಕು ತಂತಿಯದು, ಇನ್ನೂ ಉದ್ದದ್ದು. ನಾಲ್ಕೇ ತಂತಿಯಾದರೆ ಎಳೆ ಎಷ್ಟು ಸುತ್ತಬೇಕೋ, ಮೈ ಉದ್ದವಾದರೆ ಮರಳಿನ ಪೆಟ್ಟಿಗೆ ಸಾಲುವುದೋ ಇಲ್ಲವೋ. ಅದೇ ತಲೆಯಲ್ಲಿ ಓಡುತ್ತಿದೆ.

ಮಗಳು ಕಾಗದದ ಮಾತೆತ್ತಲಿಲ್ಲ. ನಾನೂ ಕೇಳಲಿಲ್ಲ. ನಾಳೆ ಕೊನೆಯ ದಿನ.

ಜೂನ್ 30, ಭಾನುವಾರ

ಬೆಳಿಗ್ಗೆ ಅಡುಗೆಮನೆಗೆ ಹೋದರೆ ಹಾಲಿನ ಪಾತ್ರೆಯ ಕೆಳಗೆ ಒಂದು ಚೀಟಿ. ಮೇಲೆ ಮಗಳ ಅಕ್ಷರ:

"ಅಮ್ಮ, ಕಾರ್ಖಾನೆಗೆ ಇವತ್ತು ಉತ್ತರ ಬರೆಯಬೇಕು. ನಕಾಶೆ ನನ್ನದು, ಎರಕ ಅಪ್ಪನದು. ಅಚ್ಚು ತುಂಬುವ ಕೆಲಸ ನೀನು ವಹಿಸಿಕೊಂಡರೆ ಬರುವುದಿಲ್ಲ ಅಂತ ಬರೆಯುತ್ತೇನೆ. ನಾವಿಬ್ಬರೇ ಆದರೆ ಮತ್ತೆ ಜಗಳವಾಗುತ್ತೆ ಅಂತ ಇಬ್ಬರಿಗೂ ಗೊತ್ತು."

ಕೆಳಗೆ ಇವರ ದಪ್ಪ ಪೆನ್ಸಿಲ್ಲು:

"ಒತ್ತಾಯವಿಲ್ಲ. ಯೋಚಿಸಿ ಹೇಳು. ಮರಳು ಜರಡಿ ಹಿಡಿದು ಇಟ್ಟಿದ್ದೇನೆ."

ಎದುರು ನಿಂತು ಕೇಳಲು ಇಬ್ಬರಿಗೂ ಬಾಯಿ ಬರಲಿಲ್ಲ. ಮಗಳು ನಡುಮನೆಯಲ್ಲಿ ಕಾಗದ ಪೆನ್ನು ಹಿಡಿದು ಕೂತಿದ್ದಾಳೆ. ಇವರು ಅವಳ ಪಕ್ಕದಲ್ಲಿ ಕೂತು ಎರಡು ದಿನದ ಹಿಂದಿನ ಪತ್ರಿಕೆ ಓದುತ್ತಿದ್ದಾರೆ. ನಾನು ಶೆಡ್ಡಿಗೆ ಬಂದು ಕೂತು, ಈ ಪುಸ್ತಕದ ಹಿಂದಿನ ಹಾಳೆ ಹರಿದು ಉತ್ತರ ಬರೆದೆ. ಮೂರು ಷರತ್ತು ಹಾಕಿದ್ದೇನೆ. ಒಂದು, ಈ ಶೆಡ್ಡಿನಲ್ಲಿ ಮೊಳೆಗೆ ತೂಗುವ, ಮೂಲೆಗೆ ಒರಗುವ ಪ್ರತಿಯೊಂದು ಸಾಮಾನಿನ ಗುಣ ನನಗೆ ಹೇಳಿಕೊಡಬೇಕು, ನಾನು ಕೇಳಲಿ ಬಿಡಲಿ. ಎರಡು, ಸೋಮವಾರ ಭಾರದ ಪೆಟ್ಟಿಗೆ ಎತ್ತುವುದಿಲ್ಲ. ಮೂರು, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೊತ್ತುಕೊಂಡು ಇನ್ನು ಒಂದು ಹೆಜ್ಜೆಯೂ ನಡೆಯುವುದಿಲ್ಲ.

ಷರತ್ತುಗಳ ಮೇಲೆ ಬರೆದಿರುವುದು ಒಂದೇ ಪದ. ಅದನ್ನು ಅವರೇ ಓದಿಕೊಳ್ಳಲಿ.

ಬಾಗಿಲಿಗೆ ಬಂದು ಕೂಗಿ ಹೇಳಿದ್ದೇನೆ: ಉತ್ತರ ಬರೆದಾಯಿತು, ಮಾವನವರ ಪಟ್ಟಿಯ ಕೆಳಗಿದೆ, ನಾನು ತಂದುಕೊಡುವುದಿಲ್ಲ. ಮೂವತ್ತೆರಡೇ ಹೆಜ್ಜೆ. ಯಾರಾದರೂ ಒಬ್ಬರು, ಸಾಧ್ಯವಾದರೆ ಇಬ್ಬರೂ, ಬಂದು ತೆಗೆದುಕೊಂಡು ಹೋಗಿ.